ಬಂದೂಕಿನೊಳಗಿನ ಬನ್ನಿ

ಕುಷ್ಟಗಿ
ರವಿವಾರ, ೧೪ ಸೆಪ್ಟೆಂಬರ್ ೨೦೨೫

ಅಮೃತಾಳ ಅಪ್ಪನವರಿಗೆ,

ಅನ್ನಪೂರ್ಣಳ ನಮಸ್ಕಾರಗಳು. ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ವಾಡಿಕೆ. ಅತ್ತೆಯವರು ಕ್ಷೇಮ, ಅಮೃತಾ ಕ್ಷೇಮ, ಹೊಲದ ದಾಳಿಂಬೆ ಗಿಡಗಳೂ ಕ್ಷೇಮ. ನನಗೆ ಮಾತ್ರ ಸಿಟ್ಟು ಬಂದಿದೆ. ಸಿಟ್ಟು ಬಂದವಳ ಕ್ಷೇಮವನ್ನು ಕಾಗದ ಓದುತ್ತ ಹೋದಂತೆ ನೀವೇ ತಿಳಿದುಕೊಳ್ಳಿರಿ.

ನಿಮ್ಮ ಕಾಗದ ಗುರುವಾರ ಬಂತು. ಈ ಕಾಲದಲ್ಲಿ ಹೆಂಡತಿಗೆ ಅಂಚೆಯಲ್ಲಿ ಕಾಗದ ಬರೆಯುವ ಗಂಡ ನಮ್ಮ ಓಣಿಗೆಲ್ಲ ನೀವೊಬ್ಬರೇ. ಪೋಸ್ಟಿನ ವಿರುಪಣ್ಣ ದೂರದಿಂದಲೇ ಲಕೋಟೆ ಎತ್ತಿ ತೋರಿಸುತ್ತ, ‘ಅಕ್ಕಾರ, ಹವಾಲ್ದಾರ್ ಸಾಹೇಬ್ರ ಪ್ರೀತಿ ಬಂದೈತ್ರಿ’ ಎಂದು ನಾಲ್ಕು ಮನೆಗೆ ಕೇಳುವಂತೆ ಕೂಗಿದ. ಒಡೆದು ನೋಡಿದರೆ ಪ್ರೀತಿ ಎಲ್ಲಿದೆ? ಅರ್ಧ ಕಾಗದ, ಮಳೆಗಾಲದಲ್ಲಿ ಬಂದೂಕುಗಳಿಗೆ ತುಕ್ಕು ಹತ್ತದಂತೆ ಎಣ್ಣೆ ಸವರುವ ವಿಚಾರ. ಉಳಿದರ್ಧ, ಮ್ಯೂಸಿಯಂನವರು ಇನ್ನೂ ಎರಡು ವರ್ಷ ಇರಿ ಎನ್ನುತ್ತಿದ್ದಾರೆ, ದಸರೆಯೊಳಗೆ ಸಹಿ ಹಾಕಬೇಕು, ಹಾಕಿಬಿಡೋಣ ಎಂದುಕೊಂಡಿದ್ದೇನೆ, ನಾನು ಬಿಟ್ಟರೆ ಗಿಡ್ಡಿಯನ್ನು ನೋಡಿಕೊಳ್ಳುವವರು ಯಾರಿದ್ದಾರೆ ಎಂಬ ಮಾತು.

ಅತ್ತೆಯವರಿಗೆ ಓದಿ ಹೇಳಿದೆ. ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ, ‘ನನ್ನ ಮಗಗ ಹೆಣ್ಣು ನೋಡಾಕ ಊರೂರು ತಿರುಗಿದ್ದೆ. ಕಡೀಕ ಗೆದ್ದಾಕಿ ಕಬ್ಬಿಣದಾಕಿ’ ಅಂದರು. ನಾನು ನಕ್ಕೆ. ನಗುತ್ತಲೇ ಒಳಗೆ ಹೋಗಿ ಒಲೆಯ ಮುಂದೆ ಕುಳಿತು ಅತ್ತುಬಿಟ್ಟೆ. ಅತ್ತೆಯವರಿಗೆ ಗೊತ್ತಾಗಿದೆ, ಆದರೆ ಹೊಗೆಗೆ ಕಣ್ಣೀರು ಬಂದಿದೆ ಎಂದು ನಂಬಿದಂತೆ ನಟಿಸಿದರು. ನಮ್ಮ ಮನೆಯಲ್ಲಿ ಗ್ಯಾಸಿನ ಒಲೆ ಬಂದು ಎಷ್ಟೋ ಕಾಲವಾಯಿತು.

ಆ ನನ್ನ ಸವತಿಯ ವಿಷಯ ನೀವು ಮೊದಲ ಸಲ ಮನೆಗೆ ತಂದದ್ದು ಅಮೃತಾ ತೊಟ್ಟಿಲಲ್ಲಿದ್ದಾಗ. ರಜೆಗೆ ಬಂದವರು ಮಗಳನ್ನು ಎತ್ತಿಕೊಳ್ಳುವ ಮೊದಲೇ ಬಂದೂಕಿನ ಕಥೆ ತೆಗೆದಿರಿ. ಉದ್ದನೆಯ ರೈಫಲು ಕಾಡಿನ ಪೊದೆಗೆ ಸಿಕ್ಕಿಕೊಳ್ಳುತ್ತದೆ, ಗಾಡಿಯಿಂದ ಇಳಿಯುವಾಗ ಬಾಗಿಲಿಗೆ ಬಡಿಯುತ್ತದೆ. ಅದಕ್ಕೆ ನಿಮ್ಮ ವರ್ಕ್‌ಶಾಪಿನಲ್ಲಿ ಒಂದರ ನಳಿಗೆ ಕೊಯ್ದು, ಭುಜಕ್ಕೆ ಆನಿಸುವ ಕಟ್ಟಿಗೆಯನ್ನೂ ಮೋಟು ಮಾಡಿ ಪ್ರಯೋಗಕ್ಕೆ ಇಟ್ಟಿದ್ದಾರೆ. ಅಂಥದ್ದು ಇರುವುದು ಅದೊಂದೇ. ಹಾರಿಸಿ ನೋಡಿ ತಪ್ಪು ಒಪ್ಪು ಹೇಳುವ ಕೆಲಸ ಬಂದೂಕು ದುರಸ್ತಿಯವನಾದ ನಿಮಗೇ ಸಿಕ್ಕಿದೆ. ಹೀಗೆ ಒಂದೇ ಉಸುರಿನಲ್ಲಿ ಹೇಳಿದಿರಿ. ಅದಕ್ಕೆ ಗಿಡ್ಡಿ ಎಂದು ಹೆಸರಿಟ್ಟವರೂ ನೀವೇ. ಬಾಗಿಲ ಚೌಕಟ್ಟಿಗೆ ತಲೆ ತಗಲುವ ಎತ್ತರದ ಹೆಂಡತಿಯ ಮುಂದೆ ನಿಂತು ಗಿಡ್ಡಿಯ ಚೆಲುವನ್ನು ಹೊಗಳಿದ ಗಂಡಸು ಈ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ.

ಅವತ್ತು ನೀವು ಇನ್ನೊಂದು ಮಾತು ಹೇಳಿದ್ದಿರಿ. ಗುಂಡು ಹಾರಿಸುವಾಗ ಕಿವಿಗೆ ಇಟ್ಟುಕೊಳ್ಳಲು ಕೊಟ್ಟದ್ದನ್ನು ನೀವು ತೆಗೆದು ಜೇಬಿಗೆ ಹಾಕಿಕೊಳ್ಳುತ್ತೀರಿ ಎಂದು. ಯಾಕೆ ಎಂದು ಕೇಳಿದರೆ, ‘ಬಂದೂಕಿನ ಸದ್ದು ಕೇಳಿದ್ರನ ಅದರ ಬ್ಯಾನಿ ತಿಳೀತೈತಿ. ಡಾಕ್ಟರ್ ಕಿವ್ಯಾಗ ಹತ್ತಿ ಇಟ್ಕೊಂಡು ಎದಿ ನೋಡ್ತಾನೇನು?’ ಅಂದಿರಿ. ಎಂಥ ಮಾತು ಎಂದು ನಾನು ಮನಸ್ಸಿನಲ್ಲೇ ಹಿಗ್ಗಿದೆ. ನಮ್ಮ ಹೊಲದ ಪಂಪ್‌ಸೆಟ್ಟಿನ ರೋಗವನ್ನೂ ನೀವು ಹಾಗೇ ಹೇಳುತ್ತಿದ್ದಿರಲ್ಲ, ಬದುವಿನ ಮೇಲೆ ಕಣ್ಣು ಮುಚ್ಚಿ ನಿಂತು, ‘ಬೇರಿಂಗ್ ಹೋಗೈತಿ’ ಎಂದು. ಮೆಕ್ಯಾನಿಕ್ ಬಂದು ಬಿಚ್ಚಿದರೆ ಬೇರಿಂಗೇ ಹೋಗಿರುತ್ತಿತ್ತು. ನಿಮ್ಮ ಕಿವಿಯ ಬಗ್ಗೆ ನನಗೆ ಅಷ್ಟು ಜಂಬವಿತ್ತು.

ಗಿಡ್ಡಿ ಸೈನ್ಯಕ್ಕೆ ಪಾಸಾಗಲಿಲ್ಲ, ಮ್ಯೂಸಿಯಂ ಸೇರಿದಳು. ನೀವು ಪಾಸಾಗಿ, ಹವಾಲ್ದಾರರಾಗಿ, ನಿವೃತ್ತರಾಗಿ, ನೀವೂ ಅದೇ ಮ್ಯೂಸಿಯಂ ಸೇರಿದಿರಿ. ನಿವೃತ್ತರಾಗಿ ಬಂದ ಬೇರೆಯವರು ಊರಲ್ಲೇ ಬ್ಯಾಂಕಿನ ಬಾಗಿಲು ಕಾಯುತ್ತಾರೆ, ಸಂಜೆಗೆ ಮನೆಗೆ ಬರುತ್ತಾರೆ. ನೀವು ಹಳೆಯ ಬಂದೂಕುಗಳ ಗಾಜು ಒರೆಸುತ್ತ ರೈಲಿಗೆ ಎರಡು ದಿನದ ದೂರದಲ್ಲಿ ಉಳಿದಿರಿ.

ಅದೇ ವರ್ಷ ಯುಗಾದಿಯ ದಿನ ಫೋನಿನಲ್ಲಿ ನಿಮಗೊಂದು ಮಾತು ಕೇಳಿದ್ದೆ. ಯಾವ ಮಾತು ಎಂಬುದು ಈಗ ಬೇಡ. ನಾನು ಬೇಡುವವಳಲ್ಲ, ನಿಮಗೂ ಗೊತ್ತು. ಆ ಒಂದು ಮಾತು ಬಾಯಿಂದ ಹೊರಬರಲು ನನಗೆ ಬೆಳಗಿನಿಂದ ಸಂಜೆಯಾಗಿತ್ತು. ನೀವು ‘ಹೂಂ, ಹೂಂ, ಆತು’ ಎಂದು ಫೋನು ಇಟ್ಟಿರಿ. ಆದರೆ ಹಾಗೆ ನಡೆದುಕೊಳ್ಳಲಿಲ್ಲ. ಅಂದಿನಿಂದ ನಾನು ಏನನ್ನೂ ಕೇಳಿಲ್ಲ. ಕ್ರಮೇಣ ನೀವು ಫೋನು ಎತ್ತುವುದನ್ನೇ ಬಿಟ್ಟಿರಿ. ಮೊಬೈಲಿಗೆ ಉದ್ದ ಮೆಸೇಜು ಕಳಿಸಿದರೆ ಒಂದು ಹೆಬ್ಬೆಟ್ಟಿನ ಚಿತ್ರ. ಹಳ್ಳಿಯ ಮುದುಕಿಯರು ಹೆಬ್ಬೆಟ್ಟು ಬಿಟ್ಟು ಸಹಿ ಕಲಿಯುವ ಕಾಲದಲ್ಲಿ ನೀವು ಹೆಬ್ಬೆಟ್ಟಿಗೆ ಇಳಿದಿರಿ.

ಹೋದ ತಿಂಗಳು ನಾನು ಹೇಳದೆ ಕೇಳದೆ ಅಲ್ಲಿಗೆ ಬಂದದ್ದು ನಿಮ್ಮನ್ನು ನೋಡುವ ಆಸೆಗೆ ಎಂದು ನೀವು ತಿಳಿದಿದ್ದೀರಿ. ಆಸೆಯೂ ಇತ್ತು. ಆದರೆ ಇಲ್ಲಿ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತು ನನಗೆ ಕೇಳುವಷ್ಟೇ ಮೆಲ್ಲಗೆ, ‘ಅಲ್ಲಿ ಯಾರನ್ನರ ಇಟ್ಕೊಂಡಿರಬೇಕು ಬಿಡ್ರಿ’ ಎನ್ನುತ್ತಿದ್ದರು. ಇದ್ದರೆ ಕಣ್ಣಾರೆ ನೋಡಿಬಿಡೋಣ ಎಂದು ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಕೊಪ್ಪಳದಲ್ಲಿ ರೈಲು ಹತ್ತಿದೆ. ಜಗಳಕ್ಕೆ ಹೋಗುವವಳು ಹೋಳಿಗೆ ಯಾಕೆ ಒಯ್ಯುತ್ತಾಳೆ ಎಂದು ಅಮೃತಾ ನಕ್ಕಳು.

ಈಗ ನಿಮಗೆ ಗೊತ್ತಿಲ್ಲದ ಸಂಗತಿ ಬರೆಯುತ್ತೇನೆ. ಕೂತು ಓದಿರಿ.

ನಾನು ಮ್ಯೂಸಿಯಂನ ಒಳಗೆ ಬಂದಾಗ ನೀವು ನನಗೆ ಬೆನ್ನು ಮಾಡಿ ಗಾಜಿನ ಕಪಾಟು ಒರೆಸುತ್ತಿದ್ದಿರಿ. ಬೆನ್ನು ನೋಡಿಯೇ ಗುರುತು ಹಿಡಿದೆ. ಎಡ ಭುಜ ಸ್ವಲ್ಪ ತಗ್ಗು. ‘ಏನ್ರೀ’ ಅಂದೆ. ನೀವು ಒರೆಸುತ್ತಲೇ ಇದ್ದಿರಿ. ನಾಲ್ಕು ಹೆಜ್ಜೆ ಹತ್ತಿರ ಬಂದು, ‘ಅಮೃತಾನ ಅಪ್ಪಾರ, ಇಲ್ಲಿ ನೋಡ್ರಿ’ ಅಂದೆ. ಇಲ್ಲ. ಬೇಕೆಂದೇ ಹೀಗೆ ಮಾಡುತ್ತಿದ್ದಾರೆ, ನನ್ನ ದನಿ ಗುರುತಿಸಿಯೂ ತಿರುಗುತ್ತಿಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ನಾನು ಮದುವೆಯಾದಾಗಿನಿಂದ ಮಾಡದ ಕೆಲಸ ಮಾಡಿದೆ. ನಿಮ್ಮ ಹೆಸರು ಹಿಡಿದು ಕೂಗಿದೆ. ‘ಗಾಳೇಶಾ!’ ಎಂದು, ದನ ಕರೆದ ಹಾಗೆ ಕೂಗಿದೆ.

ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದಕ್ಕೆ ಮೊದಲು ಒಂದೇ ಸಲ. ಮನೆ ತುಂಬಿಸಿಕೊಳ್ಳುವಾಗ ನಿಮ್ಮ ಅಕ್ಕತಂಗಿಯರು ಹೊಸ್ತಿಲಲ್ಲಿ ಅಡ್ಡ ನಿಂತು ಒಡಪು ಹಾಕಿ, ಪ್ರಾಸದ ಸಾಲಿನಲ್ಲಿ ಪೋಣಿಸಿ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದಾಗ. ಒಡಪಿನ ಸೆರಗು ಹೊದಿಸದೆ ಗಂಡನ ಹೆಸರು ಕರೆಯುವ ಹೆಂಗಸನ್ನು ನಮ್ಮ ಕಡೆ ಏನನ್ನುತ್ತಾರೆ ಎಂದು ಬರೆಯಬೇಕಾಗಿಲ್ಲ. ಹೆಂಡತಿ ಹೆಸರು ಹಿಡಿದು ಕೂಗಿದರೆ ಕುಷ್ಟಗಿಯ ಗಂಡಸು ಚಿತೆಯ ಮೇಲಿದ್ದರೂ ಎದ್ದು ಕೂತು ತಿರುಗಿ ನೋಡುತ್ತಾನೆ. ಶಾಲೆಯಿಂದ ಬಂದ ಮಕ್ಕಳು ತಿರುಗಿದರು, ಅವರ ಟೀಚರು ತಿರುಗಿದರು, ಬಾಗಿಲಿನ ಕಾವಲುಗಾರ ತಿರುಗಿದ. ನೀವು ಗಾಜಿನ ಮೂಲೆಯಲ್ಲಿದ್ದ ಕಲೆಗೆ ಬಾಯಿಂದ ಹಬೆ ಊದಿ ಮತ್ತೆ ಒರೆಸಿದಿರಿ.

ಆಗ ನಿಮ್ಮ ಜೊತೆ ಕೆಲಸ ಮಾಡುವಾತ ಬಂದು ನಿಮ್ಮ ಭುಜಕ್ಕೆ ಎರಡು ಸಲ ಮೆಲ್ಲಗೆ ತಟ್ಟಿ ನನ್ನ ಕಡೆ ಬೆರಳು ತೋರಿಸಿದ. ಅವನು ತಟ್ಟಿದ ರೀತಿ ದಿನಾ ತಟ್ಟುವವನದು. ನೀವು ತಿರುಗಿ ನನ್ನನ್ನು ಕಂಡು ನಕ್ಕಿರಿ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಹೋಳಿಗೆಯ ಗಂಟನ್ನು ನಿಮ್ಮ ಕೈಗೆ ಕೊಟ್ಟುಬಿಟ್ಟೆ.

ಅಲ್ಲಿದ್ದ ಎರಡು ದಿನವೂ ನಾನು ಬಾಯಿ ಬಿಡಲಿಲ್ಲ, ನೀವು ಬಾಯಿ ಮುಚ್ಚಲಿಲ್ಲ. ಮೂರು ಮಾತಿಗೆ ಒಂದು ಉತ್ತರ ಕೊಡುತ್ತಿದ್ದ ಮನುಷ್ಯ ಹರಿದಾಸರ ಹಾಗೆ ಎಡೆಬಿಡದೆ ಮಾತಾಡುತ್ತಿದ್ದಿರಿ. ನಾವೇ ಮಾತಾಡುತ್ತಿದ್ದರೆ ಎದುರಿನವರ ಮಾತು ಕೇಳಿಸಿಕೊಳ್ಳುವ ಪ್ರಸಂಗ ಬರುವುದಿಲ್ಲವಲ್ಲ. ಊಟದ ನಡುವೆ ಯಲಬುರ್ಗಿಯ ಯಂಕೋಬ ಮಾವನ ಸುದ್ದಿ ತೆಗೆದಿರಿ. ಅವರಿಗೆ ಕಿವಿ ಕೇಳದಾದ ಮೇಲೆ ಮನೆಮಂದಿ ಅವರ ಎದುರೇ ಅವರನ್ನು ಆಡಿಕೊಂಡು ನಗುತ್ತಿದ್ದದ್ದು, ಏನು ಮಾತೆಂದು ತಿಳಿಯದೆ ಅವರೂ ಎಲ್ಲರ ಜೊತೆ ನಗುತ್ತಿದ್ದದ್ದು. ‘ಹಂಗ ಬದುಕಬಾರದು ನೋಡು’ ಅಂದಿರಿ. ರೊಟ್ಟಿ ಮುರಿಯುತ್ತ ಕೂತೇ ಇದ್ದಿರಿ, ತಿನ್ನಲಿಲ್ಲ. ಆಗ ನನಗೆ ಎಲ್ಲ ಅರ್ಥವಾಯಿತು. ‘ಶಾಂತತೆ ಕಾಪಾಡಿ’ ಎಂದು ಗೋಡೆಗೆ ಬರೆದ ಜಾಗದಲ್ಲಿ ಯಾರಿಗೆ ಕಿವಿ ಇದೆ, ಯಾರಿಗಿಲ್ಲ ಎಂದು ಯಾರಿಗೆ ತಿಳಿಯುತ್ತದೆ? ನೀವು ಗಿಡ್ಡಿಯನ್ನು ಕಾಯುತ್ತಿಲ್ಲ. ಗಿಡ್ಡಿಯ ಹಿಂದೆ ಅಡಗಿ ಕೂತಿದ್ದೀರಿ.

ಹೊರಡುವ ದಿನ ನೀವು ಕಪಾಟು ತೆರೆದು ಅವಳನ್ನು ನನಗೆ ತೋರಿಸಿದಿರಿ. ನಿಜ ಹೇಳಲೇ, ನನಗೆ ಅಯ್ಯೋ ಅನ್ನಿಸಿತು. ಕೊಯ್ದ ನಳಿಗೆ, ಮೋಟು ಕಟ್ಟಿಗೆ, ಮಗುವಿಗೆ ಮಾಡಿಸಿದ ಬಂದೂಕಿನ ಹಾಗೆ. ಪಕ್ಕದ ಚೀಟಿಯ ಇಂಗ್ಲಿಷನ್ನು ನಾನು ಅಕ್ಷರ ಕೂಡಿಸಿ ಓದಿದೆ: ಪ್ರಯೋಗಕ್ಕಾಗಿ ಮೊಟಕುಗೊಳಿಸಿದ್ದು, ಸದ್ದು ಮತ್ತು ಬೆಂಕಿ ವಿಪರೀತವಾದ್ದರಿಂದ ಒಪ್ಪಿಕೊಳ್ಳಲಿಲ್ಲ. ನಳಿಗೆ ಕೊಯ್ದಷ್ಟೂ ಸದ್ದು ಮುಖದ ಹತ್ತಿರಕ್ಕೆ ಬಂತು. ನೀವು ಆ ಸದ್ದಿಗೆ ಬರಿಗಿವಿ ಕೊಟ್ಟು ಅದರ ಬೇನೆ ಹುಡುಕುತ್ತ ನಿಂತಿದ್ದಿರಿ. ಅವಳ ರೋಗವನ್ನೇನೋ ಕಂಡುಹಿಡಿದಿರಿ, ನಿಮ್ಮದನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಿರಿ.

ಆಮೇಲೆ ನೀವು ಅವಳನ್ನು ಬೋರಲು ಹಾಕಿ, ಭುಜಕ್ಕೆ ಆನಿಸುವ ಕಡೆಯ ಹಿತ್ತಾಳೆಯ ಪುಟ್ಟ ಬಾಗಿಲನ್ನು ಉಗುರಿನಿಂದ ಎತ್ತಿದಿರಿ. ಎಣ್ಣೆಯ ಶೀಶೆ ಇಡುವ ತೂತು ಅದು. ಕಟ್ಟಿಗೆ ಮೋಟಾದ ಮೇಲೆ ಶೀಶೆ ಹಿಡಿಸದೆ ಖಾಲಿ ಬಿದ್ದದ್ದು ಎಂದಿರಿ. ಒಳಗೆ ಬನ್ನಿ ಇತ್ತು. ವರ್ಷವರ್ಷ ದಸರೆಗೆ ನಾನು ಲಕೋಟೆಯಲ್ಲಿ ಕಳಿಸಿದ ಬನ್ನಿ, ಒಣಗಿ ಪುಡಿಯಾದದ್ದು, ಪುಡಿಯಾಗದೆ ಉಳಿದದ್ದು, ಎಲ್ಲ. ನೀವು ಅದನ್ನು ಎಸೆದಿರಬೇಕೆಂದೇ ನಾನು ತಿಳಿದಿದ್ದೆ. ‘ಬನ್ನಿ ಮುಟ್ಟಿತು’ ಎಂದು ಕೂಡ ನೀವು ಯಾವತ್ತೂ ಬರೆದವರಲ್ಲ. ಸರಕಾರದ ಬಂದೂಕಿನಲ್ಲಿ ಹೆಂಡತಿಯ ಎಲೆ ಬಚ್ಚಿಟ್ಟ ಕಳ್ಳ ನೀವು. ಆ ಕ್ಷಣ ನೋಡಲು ಬಂದ ಜನ, ಕಾವಲುಗಾರ, ಯಾರೂ ಇಲ್ಲದಿದ್ದರೆ ನಾನು ಏನು ಮಾಡುತ್ತಿದ್ದೆನೋ.

ರೈಲಿನಲ್ಲಿ ವಾಪಸು ಬರುವಾಗ ಅದನ್ನೇ ಯೋಚಿಸುತ್ತಿದ್ದೆ. ಪಾಂಡವರು ಆಯುಧಗಳನ್ನು ಬನ್ನಿ ಗಿಡದಲ್ಲಿ ಬಚ್ಚಿಟ್ಟು ಅಜ್ಞಾತವಾಸಕ್ಕೆ ಹೋದರು. ನೀವು ತಿರುವುಮುರುವು ಮಾಡಿ ಆಯುಧದೊಳಗೆ ಬನ್ನಿ ಬಚ್ಚಿಟ್ಟು ಅಜ್ಞಾತವಾಸಕ್ಕೆ ಕೂತಿದ್ದೀರಿ. ಅವರದಾದರೂ ಒಂದು ವರ್ಷಕ್ಕೆ ಮುಗಿಯಿತು. ನಿಮ್ಮದಕ್ಕೆ ಈಗ ಮತ್ತೆ ಸಹಿ ಹಾಕುತ್ತೀರಂತೆ.

ನಮ್ಮ ಬಸ್‌ಸ್ಟ್ಯಾಂಡಿನ ಎದುರು ನೂರಸಾಬ ಚಹದಂಗಡಿ ಇಟ್ಟಿದ್ದಾನೆ, ನಿಮಗೆ ಗೊತ್ತಿಲ್ಲ. ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಕೊರೆದು ಕೊರೆದು ಅವನ ಎರಡೂ ಕಿವಿ ಹೋಗಿವೆ. ಗಿರಾಕಿಗಳು ಚಹಕ್ಕೆ ಬೆರಳೆತ್ತುತ್ತಾರೆ, ಸಕ್ಕರೆ ಬೇಡದವರು ತುಟಿ ಸಿಂಡರಿಸುತ್ತಾರೆ. ಬೆಳಗಾದರೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಮೊನ್ನೆ ನಿಂತು ನೋಡುತ್ತಿದ್ದವಳಿಗೆ ಅವನೇ ಹೇಳಿದ, ‘ಕಿವಿ ಹೋದ್ರ ಹೋಗವಲ್ದ್ಯಾಕ್ರಿ ಅಕ್ಕಾ, ಉದ್ರಿ ಕೇಳೋರ ಕಾಟ ತಪ್ಪೈತಿ’ ಎಂದು. ಬಿದ್ದು ಬಿದ್ದು ನಕ್ಕೆ. ಅವನನ್ನು ನೋಡಿ ನಗುವವರು ಇಲ್ಲಿ ಯಾರೂ ಇಲ್ಲ, ಅವನ ಜೊತೆ ನಗುವವರೇ ಎಲ್ಲ. ಯಂಕೋಬ ಮಾವನ ಮನೆ ಬೇರೆ, ನಿಮ್ಮ ಮನೆ ಬೇರೆ. ಅಷ್ಟಕ್ಕೂ ನಿಮ್ಮ ತಾಯಿ ಇನ್ನೊಬ್ಬರ ಮಾತನ್ನು ಯಾವತ್ತು ಕೇಳಿದ್ದಾರೆ? ಕಿವಿ ನೆಟ್ಟಗಿದ್ದೂ ಕೇಳುವುದಿಲ್ಲ.

ಅಮೃತಾಳಿಗೆ ಹೇಳಿದ್ದೇನೆ, ಅವಳೊಬ್ಬಳಿಗೇ. ಗಂಗಾವತಿಯ ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳಿಗೆ ಹೇಳದೆ ಯಾರಿಗೆ ಹೇಳಲಿ? ‘ಅಪ್ಪನ ಬಂದೂಕು ಅಪ್ಪಗ ನೋಡ್ಕೊಳ್ಳಾಕ ಬಿಡು, ಅಪ್ಪನ ಕಿವಿ ನಾ ನೋಡ್ಕೋತೀನಿ’ ಅಂದಳು. ಮಶೀನು ಹಾಕಿದರೆ ಸ್ವಲ್ಪ ಕೇಳಿಸಬಹುದಂತೆ, ಕೇಳಿಸದೆಯೂ ಇರಬಹುದಂತೆ. ಕೇಳಿಸದಿದ್ದರೆ ಪಂಪ್‌ಸೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿರಿ. ಬೇರಿಂಗ್ ಹೋಗಿದ್ದರೆ ಅಂಗೈಗೂ ಗೊತ್ತಾಗುತ್ತದೆ, ನಾನೇ ಇಟ್ಟು ನೋಡಿದ್ದೇನೆ.

ಇನ್ನು ನನ್ನ ಕ್ಷೇಮ. ಅಂಗನವಾಡಿಯ ಮಕ್ಕಳನ್ನು ಮನೆಗೆ ಕಳಿಸಿ ಬರುವಾಗ ದಾರಿಯುದ್ದಕ್ಕೂ ನಿಮ್ಮ ಜೊತೆ ಮಾತಾಡಿಕೊಂಡು ಬರುತ್ತೇನೆ. ಬಾಗಿಲು ದಾಟಿದ ಮೇಲೆ ಮಾತು ನಿಂತುಹೋಗುತ್ತದೆ, ಯಾಕೆಂದರೆ ಒಳಗೆ ನೀವಿಲ್ಲದಿರುವುದು ಕಣ್ಣಿಗೇ ಕಾಣುತ್ತದೆ. ರೊಟ್ಟಿ ಸುಡುವಾಗ ಅಂಚು ಕರಕಾದದ್ದನ್ನು ಈಗಲೂ ಬೇರೆ ತೆಗೆದಿಡುತ್ತೇನೆ. ನಿಮಗೆ ಇಷ್ಟ ಎಂದು ತೆಗೆದು, ಆಮೇಲೆ ನಾನೇ ತಿನ್ನುತ್ತೇನೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾವು ಒಟ್ಟಿಗೆ ಒಂದು ದಸರೆ ಮಾಡಿಲ್ಲ. ಎಲ್ಲರ ಮನೆಯಲ್ಲಿ ಹೆಂಡತಿ ಗಂಡನ ಕೈಗೆ ಬನ್ನಿ ಕೊಟ್ಟು ಕಾಲಿಗೆ ನಮಸ್ಕರಿಸುವ ಹೊತ್ತಿಗೆ ನಾನು ಲಕೋಟೆಗೆ ಗೋಂದು ಹಚ್ಚುತ್ತಿರುತ್ತೇನೆ. ನಿಮ್ಮ ಕಿವಿ ನನಗೆ ಬೇಡ. ನೀವು ಬೇಕು. ಬಹಳ ಬೇಕು.

ಈ ಸಲದ ಲಕೋಟೆಯನ್ನು ಅಲ್ಲಾಡಿಸಿ ನೋಡಬೇಡಿರಿ, ಅದರಲ್ಲಿ ಬನ್ನಿ ಇಲ್ಲ. ಇನ್ನು ಮುಂದೆ ಕಳಿಸುವುದೂ ಇಲ್ಲ. ಹೊಲದ ಬದುವಿನ ಗಿಡದಲ್ಲಿ ಬೇಕಾದಷ್ಟಿದೆ. ಬನ್ನಿ ಕೈಯಿಂದ ಕೈಗೆ ಕೊಡುವುದು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ಮುಖ ನೋಡಿ ಹೇಳುವುದು. ಆ ಮಾತು ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಕಿವಿಯ ಅವಶ್ಯಕತೆ ಇಲ್ಲ. ಸಹಿ ಹಾಕುವುದು ಬಿಡುವುದು ನಿಮಗೆ ಬಿಟ್ಟದ್ದು.

ಮ್ಯೂಸಿಯಂನಲ್ಲಿ ಬರೀ ಹೆಸರು ಹಿಡಿದು ಕೂಗಿದ್ದಕ್ಕೆ ಈಗ ಒಡಪು ಕಟ್ಟಿ ಸರಿಮಾಡುತ್ತಿದ್ದೇನೆ. ಅತ್ತೆಯವರು ಕೇಳಿ ತಲೆದೂಗಿದ್ದಾರೆ:

ಹೊಲದಾಗ ದಾಳಿಂಬರಿ, ಗಿಡದಾಗ ಬನ್ನಿ,
ಗಾಳೇಶ ಅವರು ಬಂದ್ರ ಹಬ್ಬ, ಬರದಿದ್ರ ಬರೇ ಮನಿ.

ಇತಿ, ಸಿಟ್ಟು ಇಳಿದ
ನಿಮ್ಮ ಅನ್ನಪೂರ್ಣ

ತಾ.ಕ.: ಯುಗಾದಿಯ ದಿನ ಫೋನಿನಲ್ಲಿ ಕೇಳಿದ ಮಾತನ್ನು ಮೇಲೆ ಬರೆಯಲಿಲ್ಲ. ಬರೆಯಬಾರದೆಂದೇ ಇದ್ದೆ. ‘ನೀವಿಲ್ಲದ ಮನಿ ನನಗ ಸಾಕಾಗೈತಿ, ಬಂದುಬಿಡ್ರಿ’ ಅಂದಿದ್ದೆ. ನೀವು ಹೂಂ ಅಂದಿರಿ. ಮರುದಿನವೇ ನಡುಮನೆಗೆ ಸುಣ್ಣ ಹಚ್ಚಿಸಿದೆ, ಮಳೆಗಾಲ ಬರುವ ತನಕ ಸಂಜೆಯ ಬಸ್ಸಿಗೆ ಏನಾದರೂ ನೆಪ ಮಾಡಿ ಸ್ಟ್ಯಾಂಡಿಗೆ ಹೋಗಿ ನಿಂತೆ. ಕೇಳಿಯೂ ಬರಲಿಲ್ಲವೆಂದು ಇಷ್ಟು ವರ್ಷ ನಿಮ್ಮ ಮೇಲೆ ಹಲ್ಲು ಕಡಿದೆ. ನಿಮಗೆ ಅದು ಕೇಳಿಸಿಯೇ ಇರಲಿಲ್ಲ, ಅಲ್ಲವೇ? ಈಗ ಕಾಗದದಲ್ಲಿ ಹೇಳಿದ್ದೇನೆ. ಇದನ್ನು ಓದಿ ನೀವು ಹೂಂ ಅಂದರೆ, ಆ ಹೂಂ ಅನ್ನು ನಾನು ನಂಬಿ ಮತ್ತೆ ಸುಣ್ಣ ಹಚ್ಚಿಸುತ್ತೇನೆ.